ಮೂರು ಸಲ ಗುಡ್ಡ

ಮಗಳ ಅಡುಗೆಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತದೆ. ಕಾಣುತ್ತದೆ ಅಂದರೆ, ಕಂಡ ದಿನ ಕಾಣುತ್ತದೆ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ನೆಲ್ಸನ್ ಎಂಬ ಹಳೆಯ ಹತ್ತಿಗಿರಣಿಗಳ ಊರು ಅವಳದು. ಪೆಂಡಲ್ ಗುಡ್ಡ ಕಾಣುತ್ತಿದೆಯೇ, ಹಾಗಾದರೆ ಇನ್ನೇನು ಮಳೆ ಬರುತ್ತದೆ. ಕಾಣುತ್ತಿಲ್ಲವೇ, ಹಾಗಾದರೆ ಮಳೆ ಬರುತ್ತಲೇ ಇದೆ. ಇದು ಅಲ್ಲಿಯ ಜನ ನಗುತ್ತ ಹೇಳುವ ಮಾತು. ಆಗುಂಬೆಯ ಮಗ್ಗುಲಲ್ಲೇ ಬೆಳೆದವನಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಏಪ್ರಿಲ್ ಮೊದಲ ವಾರ ಬಂದಿಳಿದಿದ್ದೆ. ಕೈಯಲ್ಲಿ ಆರು ತಿಂಗಳ ವೀಸಾ, ಕಾಲಲ್ಲಿ ಗುಡ್ಡ ಹತ್ತುವ ಚಟ.

ಚಟ ಅಂದೆ, ಟ್ರೆಕ್ಕಿಂಗ್ ಅನ್ನಲಿಲ್ಲ. ಟ್ರೆಕ್ಕಿಂಗಿನವರಿಗೆ ಒಂದು ಗುಡ್ಡ ಒಂದು ಸಲ ಸಾಕು, ಫೋಟೋ ಆಯಿತೆಂದರೆ ಮುಂದಿನದು. ನನ್ನದು ಒಂದೇ ಗುಡ್ಡವನ್ನು ಮತ್ತೆ ಮತ್ತೆ ಹತ್ತುವ ಕಾಯಿಲೆ. ಕೊಪ್ಪದ ನಮ್ಮ ಮನೆಯ ಹಿಂದಿನ ಬ್ಯಾಣವನ್ನು ನಲವತ್ತು ವರ್ಷ ಹತ್ತಿದ್ದೇನೆ. ಮೊದಮೊದಲು ದನ ಹುಡುಕುವ ನೆವ ಇತ್ತು. ದನ ಮಾರಿದ ಮೇಲೆ ನೆವ ಹೋಯಿತು, ಹತ್ತುವುದು ಹೋಗಲಿಲ್ಲ.

ಪೆಂಡಲ್ ಮೊದಲ ನೋಟಕ್ಕೆ ನಿರಾಸೆ. ಒಂದು ಮರವಿಲ್ಲ. ಮಲಗಿದ ಎಮ್ಮೆಯ ಬೆನ್ನಿನಂತೆ ಉದ್ದಕ್ಕೆ ಬಿದ್ದುಕೊಂಡಿದೆ. ಎತ್ತರ 557 ಮೀಟರ್. ಬೆಂಗಳೂರು ಪೇಟೆಯೇ 900 ಮೀಟರಿಗಿಂತ ಮೇಲಿದೆ. ಅಷ್ಟೇಕೆ, ನಮ್ಮ ಕೊಪ್ಪದ ಬಸ್ ಸ್ಟ್ಯಾಂಡೂ ಈ ಗುಡ್ಡದ ನೆತ್ತಿಗಿಂತ ಎತ್ತರ. ಆ ದೇಶದಲ್ಲಿ 2,000 ಅಡಿ ಮುಟ್ಟಿದ್ದಕ್ಕೆ ಮಾತ್ರ ಮೌಂಟನ್ ಅನ್ನುವ ರೂಢಿ. ಸುಮಾರು 170 ಅಡಿ ಕಡಿಮೆ ಬಿದ್ದು ಪೆಂಡಲ್ ನಪಾಸಾಗಿದೆ, ಗ್ರೇಸ್ ಮಾರ್ಕ್ಸ್ ಯಾರೂ ಕೊಟ್ಟಿಲ್ಲ. ಮೇಷ್ಟ್ರಾಗಿದ್ದವನಿಗೆ ಇಂಥ ವಿದ್ಯಾರ್ಥಿಯ ಮೇಲೆ ಒಂದಿಷ್ಟು ಕನಿಕರ ಹುಟ್ಟುವುದು ಸಹಜ.

ಹೆಸರು ಮಾತ್ರ ಭಾರೀ. ಬಹಳ ಹಿಂದೆ ಅಲ್ಲಿದ್ದ ಕೆಲ್ಟಿಕ್ ಜನ ಅದನ್ನು 'ಪೆನ್' ಅಂದರು, ಅಂದರೆ ಗುಡ್ಡ. ಆಮೇಲೆ ಬಂದ ಇಂಗ್ಲಿಷರು ಅದೊಂದು ಅಂಕಿತನಾಮವೆಂದುಕೊಂಡು ತಮ್ಮ ಮಾತಿನ ಗುಡ್ಡವನ್ನು, 'ಹಿಲ್' ಅನ್ನು, ಅದಕ್ಕೆ ಅಂಟಿಸಿದರು. ಎರಡೂ ಸವೆದು ಪೆಂಡಲ್ ಆಯಿತು. ಅದರಲ್ಲೂ ಗುಡ್ಡ ಅಡಗಿರುವುದು ಮರೆತುಹೋದ ಮೇಲೆ ಮತ್ತೊಂದು ಹಿಲ್ ಸೇರಿಸಿದರು. ಪೆಂಡಲ್ ಹಿಲ್ ಅಂದರೆ ಗುಡ್ಡಗುಡ್ಡ ಗುಡ್ಡ. ನಗುವ ಹಕ್ಕು ನಮಗಿಲ್ಲ ಬಿಡಿ. ಕೊಡಚಾದ್ರಿ ಬೆಟ್ಟ ಅನ್ನುವವರು, ನಡುಮಧ್ಯೆ ನಿಲ್ಲುವವರು ನಾವು.

ಬಾರ್ಲಿ ಎಂಬ ಹಳ್ಳಿಯವರೆಗೆ ಅಳಿಯ ಕಾರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಅಲ್ಲಿಂದ ತೊರೆಯ ಪಕ್ಕ ನಡೆದು, ಸಿಮೆಂಟು ಮಣ್ಣು ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಪಾಗಾರಗಳನ್ನು ದಾಟಬೇಕು. ಪಾಗಾರಕ್ಕೆ ನಮ್ಮಲ್ಲಿಯ ಹಾಗೇ ತಡಮೆ! ದನ ಕುರಿ ದಾಟದಂತೆ, ಮನುಷ್ಯ ಕಾಲೆತ್ತಿ ದಾಟುವಂತೆ. ಮೊದಲ ತಡಮೆ ಕಂಡಾಗ ಊರೇ ಸಿಕ್ಕಿದಷ್ಟು ಖುಷಿಯಾಯಿತು. ಯಾರದ್ದೆಂದು ಗುರುತಿಗೆ ಬೆನ್ನ ಮೇಲೆ ಬಣ್ಣ ಬಳಿಸಿಕೊಂಡ ಕುರಿಗಳು ತಲೆಯೆತ್ತಿ ನೋಡಿ, ಇವನಿಂದ ಏನೂ ಗಿಟ್ಟದು ಎಂದು ಮತ್ತೆ ಮೇಯುತ್ತವೆ. ಆಮೇಲೆ ಕಲ್ಲುಮೆಟ್ಟಿಲುಗಳ ಏರು. ಅರ್ಧ ಗಂಟೆ ಉಸಿರಿನ ಲೆಕ್ಕವೇ ಹೊರತು ಬೇರೆ ಲೆಕ್ಕವಿಲ್ಲ. ಮೊದಲ ಸಲ ಇಳಿದು ಬಂದವನು ಅಭ್ಯಾಸಬಲದಿಂದ ಕಾಲುಚೀಲ ಎಳೆದು ಉಂಬಳ ಹುಡುಕಿದೆ. ಒಂದೂ ಇರಲಿಲ್ಲ. ಕಾಲಿಗೆ ಏನೋ ಅವಮಾನವಾದಂತೆ ಅನ್ನಿಸಿತು.

ನೆತ್ತಿ ಚಪ್ಪಟೆ. ಅಲ್ಲಿಂದಾಚೆಗಿನ ಹರವಿಗೆ ಅವರು ಮೂರ್ ಅನ್ನುತ್ತಾರೆ. ನಮ್ಮ ಬ್ಯಾಣದಂತೆ ಕಂಡರೂ ಬ್ಯಾಣವಲ್ಲ, ಕೆಳಗೆ ನೆಲವೇ ಬೇರೆ. ಮೂರನೆಯ ಸಲ ಕಲ್ಲುಹಾಸು ಬಿಟ್ಟು ಹುಲ್ಲಿಗೆ ಕಾಲಿಟ್ಟೆ. ಎಡಗಾಲು ಮೊಣಕಾಲವರೆಗೆ ಹೂತುಹೋಯಿತು. ಹುದುಲು. ಕಾಫಿ ಗಸಿಯ ಬಣ್ಣ, ಗಸಿಯಷ್ಟೇ ನಯ. ಇದೇ ಪೀಟ್. ನಮ್ಮಲ್ಲಿ ಸೊಪ್ಪು ಸದೆ ಒಂದು ಮಳೆಗಾಲದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಅಲ್ಲಿ ಚಳಿ, ಹುಳಿ, ಸದಾ ನಿಂತ ನೀರು. ಗಾಳಿ ಆಡದ ಆ ನೀರಿನಲ್ಲಿ ಸತ್ತ ಗಿಡ ಕೊಳೆಯುವುದನ್ನೇ ಮರೆಯುತ್ತದೆ. ಸ್ಫ್ಯಾಗ್ನಮ್ ಎಂಬ ಪಾಚಿ ತನ್ನ ಒಣ ತೂಕದ ಇಪ್ಪತ್ತು ಪಟ್ಟಿನವರೆಗೆ ನೀರು ಹಿಡಿದು ಕೂತಿರುತ್ತದೆ. ಅದರ ಮೇಲೆ ಇದು, ಇದರ ಮೇಲೆ ಅದು ಪೇರುತ್ತ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕಾಲು ಕಿತ್ತುಕೊಳ್ಳುವ ಮುಂಚೆ ಲೆಕ್ಕ ಹಾಕಿದೆ, ಮೇಷ್ಟ್ರ ಬುದ್ಧಿ. ಅರ್ಧ ಮೀಟರ್ ಅಂದರೆ 500 ವರ್ಷ. ನನ್ನ ಮಂಡಿ ಈ ಕಾಲದಲ್ಲಿ, ಹೆಬ್ಬೆರಳು ಕೃಷ್ಣದೇವರಾಯನ ಕಾಲದಲ್ಲಿ.

ಆ ಮೇಲೆ ಬೋಳುಗುಡ್ಡ ಅನ್ನುವುದನ್ನು ಬಿಟ್ಟೆ. ಜೂನ್ ಹೊತ್ತಿಗೆ ಹುದುಲಿನ ತುಂಬ ಹತ್ತಿಹುಲ್ಲು, ಯಾರೋ ಹಾಸಿಗೆ ಹರಿದು ಕೊಡವಿದ ಹಾಗೆ. ಜುಲೈಯಲ್ಲಿ ಬಿಲ್‌ಬೆರಿ, ಗಾತ್ರದಲ್ಲಿ ಕವಳಿಗಿಂತ ಸಣ್ಣದು, ನಾಲಗೆಗೆ ಮಸಿ ಬಳಿಯುವುದರಲ್ಲಿ ನೇರಳೆಗೆ ಸಮ. ಆಗಸ್ಟಿನಲ್ಲಿ ಹೀದರ್ ಪೊದೆ ಹೂಬಿಟ್ಟು ಅಲ್ಲಲ್ಲಿ ನೇರಳೆ ತೇಪೆ. ಉದ್ದ ಕೊಕ್ಕನ್ನು ಕುಡುಗೋಲಿನಂತೆ ಕೆಳಗೆ ಬಾಗಿಸಿಕೊಂಡ ಕರ್ಲ್ಯೂ ವಸಂತದಲ್ಲಿ ಸಂಸಾರಕ್ಕೆಂದು ಈ ಎತ್ತರಕ್ಕೆ ಬಂದು, ಮರಿ ಹಾರಿದ ಮೇಲೆ ಕಡಲ ತೀರಕ್ಕೆ ಇಳಿಯುತ್ತದೆ. ಇದೇ ಜಾತಿಯ ಹಕ್ಕಿ ಚಳಿಗಾಲಕ್ಕೆ ನಮ್ಮ ಕರಾವಳಿಗೂ ಬರುತ್ತದೆ. ಅದಕ್ಕೆ ವೀಸಾ ಕೇಳಿದವರಿಲ್ಲ. ನನಗೆ ವೀಸಾ ನೆನಪಿಸುತ್ತಿದ್ದುದು ಇನ್ನೊಂದು ಹಕ್ಕಿ. ಗ್ರೌಸ್ ಅಂತ, ನಮ್ಮ ಕಾಡುಕೋಳಿಯ ಮೈಕಟ್ಟು, ಕಂದುಗೆಂಪು. ಕಾಲಡಿಯಿಂದಲೇ ಭರ್ರನೆ ಎದ್ದು ಎದೆ ನಡುಗಿಸಿ, ದೂರ ಹೋಗಿ ಕೂತು ಸ್ಪಷ್ಟವಾಗಿ 'ಗೋ ಬ್ಯಾಕ್, ಗೋ ಬ್ಯಾಕ್' ಅನ್ನುತ್ತದೆ. ಅದರ ಕೂಗು ಇರುವುದೇ ಹಾಗೆ ಎಂದು ಇಂಗ್ಲಿಷರೂ ಒಪ್ಪುತ್ತಾರೆ. "ಸೆಪ್ಟೆಂಬರ್ ಕೊನೆಗೆ ಹೋಗ್ತೇನೆ ಮಾರಾಯ" ಎಂದು ಒಂದೆರಡು ಸಲ ಉತ್ತರ ಕೊಟ್ಟಿದ್ದೇನೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದೆ. ಬಾಯ್ಲನ ನಿಯಮವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ: ಉಷ್ಣತೆ ಬದಲಾಗದಿದ್ದರೆ ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ, ಎರಡರ ಗುಣಲಬ್ಧ ಒಂದೇ. ಆ ನಿಯಮಕ್ಕೂ ಈ ಗುಡ್ಡಕ್ಕೂ ನಂಟಿದೆ ಎಂದು ತಿಳಿದದ್ದು ನಿವೃತ್ತನಾದ ಮೇಲೆ, ಮಗಳ ಸೋಫಾದ ಮೇಲೆ ಕೂತು ಓದುವಾಗ. ಪಕ್ಕದ ಬರ್ನ್ಲಿ ಊರಿನ ಟೌನ್ಲಿ ಹಾಲ್ ಎಂಬ ದೊಡ್ಡಮನೆಯ ರಿಚರ್ಡ್ ಟೌನ್ಲಿ, ಅವನ ಗೆಳೆಯ ವೈದ್ಯ ಹೆನ್ರಿ ಪವರ್, ಇಬ್ಬರೂ 1661ರ ಏಪ್ರಿಲ್ 27ರಂದು ಪಾದರಸ ಮತ್ತು ಗಾಜಿನ ಕೊಳವೆ ಹೊತ್ತು ಪೆಂಡಲ್ ಹತ್ತಿದರು. ಕೊಳವೆಯಲ್ಲಿ ಪಾದರಸದ ಮೇಲೆ ಒಂದಿಷ್ಟು ಗಾಳಿ ಸಿಕ್ಕಿಸಿ, ಬುಡದಲ್ಲಿ ಅಳೆದರು, ನೆತ್ತಿಯಲ್ಲಿ ಅಳೆದರು. ಮೇಲೆ ಪಾದರಸ ಇಳಿದಿತ್ತು, ಗಾಳಿ ಹಿಗ್ಗಿತ್ತು. ಒತ್ತಡಕ್ಕೂ ಗಾತ್ರಕ್ಕೂ ಇರುವ ಲೆಕ್ಕ ಅವರಿಗೆ ಹೊಳೆಯಿತು. ಮರುವರ್ಷ ತನ್ನ ಪುಸ್ತಕದಲ್ಲಿ ರಾಬರ್ಟ್ ಬಾಯ್ಲ್ ಇದು ಟೌನ್ಲಿಯ ಊಹೆ ಎಂದು ನಿಯತ್ತಾಗಿಯೇ ಬರೆದ, ತನ್ನ ಪ್ರಯೋಗಗಳಿಂದ ಅದನ್ನು ಗಟ್ಟಿ ಮಾಡಿದ. ಹೆಸರು ಬಾಯ್ಲನಿಗೆ ಅಂಟಿತು. ಗುಡ್ಡ ಹತ್ತಿದವರ ಹೆಸರನ್ನು ನಾನೂ ಒಬ್ಬ ಹುಡುಗನಿಗೂ ಹೇಳಲಿಲ್ಲ. ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡುವಾಗೆಲ್ಲ ಯೋಚಿಸುತ್ತೇನೆ: ಪಾದರಸ ಎಷ್ಟು ಭಾರ, ಗಾಜು ಎಷ್ಟು ಸೂಕ್ಷ್ಮ, ಆಗ ಮೆಟ್ಟಿಲೂ ಇರಲಿಲ್ಲ.

ಈ ಗುಡ್ಡ ಲೋಕಕ್ಕೆ ಗೊತ್ತಿರುವುದು ಟೌನ್ಲಿಯಿಂದಲ್ಲ, ಮಾಟಗಾತಿಯರಿಂದ. 1612ರಲ್ಲಿ ಈ ಬುಡದ ಹಳ್ಳಿಗಳ ಬಡವರನ್ನು ಮಾಟದ ಆರೋಪದಲ್ಲಿ ಹಿಡಿದು ಹತ್ತು ಜನರನ್ನು ಗಲ್ಲಿಗೆ ಹಾಕಿದರು. ದಾರಿಯಲ್ಲಿ ಒಬ್ಬ ಹುಡುಗಿ ಮಾರಾಟದವನ ಹತ್ತಿರ ಗುಂಡುಸೂಜಿ ಕೇಳಿದಳು, ಅವನು ಕೊಡಲಿಲ್ಲ, ಆಮೇಲೆ ಅವನಿಗೆ ಲಕ್ವ ಹೊಡೆದಂತಾಯಿತು, ಶುರುವಾದದ್ದು ಅಷ್ಟರಿಂದ. ಕೋರ್ಟಿನಲ್ಲಿ ತಾಯಿಯ ವಿರುದ್ಧ ಸಾಕ್ಷಿ ನುಡಿದ ಮಗುವಿಗೆ ಒಂಬತ್ತೋ ಏನೋ ವರ್ಷ. ಈಗ ದಾರಿಗಂಬದ ಮೇಲೂ ಪೊರಕೆ ಏರಿದ ಮಾಟಗಾತಿಯ ಚಿತ್ರ, ಬಸ್ಸಿಗೂ ಅವಳದೇ ಹೆಸರು. ನನಗೇಕೋ ಒಗ್ಗಲಿಲ್ಲ. ಮೊಮ್ಮಗಳು ಅಂಗಡಿಯಲ್ಲಿ ಮಾಟಗಾತಿ ಗೊಂಬೆ ಬೇಕೆಂದು ಹಟ ಹಿಡಿದಳು, ಅವಳಿಗೂ ಒಂಬತ್ತು. ಬೇಡ ಅಂದೆ. ಮುಖ ಊದಿಸಿಕೊಂಡವಳಿಗೆ ಒಂದು ಬಾಟಲಿ ನೀರು ಕೊಡಿಸಿ, "ಬಾ, ಇದರಲ್ಲೇ ಒಂದು ಮಾಟ ತೋರಿಸ್ತೇನೆ" ಅಂದೆ.

ಅದು ಸೆಪ್ಟೆಂಬರ್, ನನ್ನ ಕೊನೆಯ ಸಲ. ನೆತ್ತಿಯಲ್ಲಿ ಮಂಜು ಕವಿದು ಮಾರು ದೂರ ಕಾಣಲಿಲ್ಲ. ಅವಳು ನೀರು ಕುಡಿದು ಮುಗಿಸಿದಳು. ಖಾಲಿ ಬಾಟಲಿಯನ್ನು ಗಾಳಿಗೆ ಒಡ್ಡಿ ಮುಚ್ಚಳ ಬಿಗಿದೆವು. ಬಾರ್ಲಿಗೆ ಇಳಿಯುವ ಹೊತ್ತಿಗೆ ಅದರ ಹೊಟ್ಟೆ ಒಳಸರಿದಿತ್ತು.

"ಅಜ್ಜ, ನೀವು ಹಿಸುಕಿದ್ದಾ?"

"ನಾನಲ್ಲ, ಗಾಳಿ. ಮೇಲಿನ ಗಾಳಿ ತೆಳು, ಇಲ್ಲಿಯದು ದಪ್ಪ."

ನಂಬಲಿಲ್ಲ. ಆದರೆ ಮುಚ್ಚಳ ತೆಗೆಯಲೂ ಬಿಡಲಿಲ್ಲ. ಹೊರಡುವ ದಿನ ಅದನ್ನು ನನ್ನ ಕೈಚೀಲಕ್ಕೆ ಹಾಕಿ, "ಊರಲ್ಲಿ ಏನಾಗತ್ತೆ ನೋಡಿ ಹೇಳಿ" ಅಂದಳು.

ಕೊಪ್ಪದ ಮನೆಯ ಜಗಲಿಯಲ್ಲಿ ಚೀಲ ಬಿಚ್ಚಿದೆ. ಬಾಟಲಿಯ ತಗ್ಗು ಹೋಗಿ ಮೈ ತುಂಬಿಕೊಂಡಿತ್ತು. ಫೋಟೋ ತೆಗೆದು ಕಳಿಸಿ, ಬ್ಯಾಣದ ಕಡೆ ಹೊರಟೆ.