ಹಳೆಯ ಸೇನೆಗಳ ಬಲಾಬಲ

ಮದ್ದುಗುಂಡುಗಳ ಬಳಕೆ ಬರುವುದಕ್ಕೆ ಮೊದಲು ಯಾವ ಸೇನೆಯು ಎಲ್ಲಕ್ಕಿಂತ ಬಲವುಳ್ಳದ್ದಾಗಿದ್ದಿತು? ಬಾಲ್ಯದಲ್ಲಿ ನಮಗೆ ಇದು ಬರಿಯ ಎಣಿಕೆಯ ಮಾತಾಗಿದ್ದಿತು. ಅಕ್ಷೌಹಿಣಿಯೊಂದಕ್ಕೆ 21,870 ಆನೆ, ಅಷ್ಟೇ ರಥ, 65,610 ಕುದುರೆ, 1,09,350 ಕಾಲಾಳು. ಆದರೂ ಹನ್ನೊಂದು ಅಕ್ಷೌಹಿಣಿಗಳು ಏಳಕ್ಕೆ ಸೋತುವಷ್ಟೆ!

ಎಣಿಕೆಯಾಗಲಿ ಆಯುಧವಾಗಲಿ ಸಾಲದೆಂಬುದಕ್ಕೆ ಗ್ರೀಸ್ ದೇಶದ ಕಿನೋಸ್ಕೆಫಲೈ ಗುಡ್ಡಗಳಲ್ಲಿ ಕ್ರಿ. ಪೂ. 197ರಲ್ಲಿ ನಡೆದ ಯುದ್ಧವೇ ಸಾಕ್ಷಿ. ಮೆಸಿಡೋನಿಯದ ದೊರೆ ಐದನೆಯ ಫಿಲಿಪ್ಪನ ಕಾಲಾಳುಗಳು ಹದಿನಾಲ್ಕು ಮೊಳದ ಭರ್ಜಿಗಳನ್ನು ಹಿಡಿದು ಒತ್ತೊತ್ತಾಗಿ ನಿಲ್ಲುವರು. ಮುಂದಿನ ಸಾಲಿನ ಒಬ್ಬೊಬ್ಬನ ಮುಂದೆಯೂ ಐದೈದು ಮೊನೆಗಳು ಚಾಚಿರುವುವು. ರೋಮನರು ಬಿಡಿಬಿಡಿಯಾಗಿ ನಿಲ್ಲುವವರಾದುದರಿಂದ ಅವರಲ್ಲಿ ಒಬ್ಬನಿಗೆ ಹತ್ತು ಮೊನೆಗಳು ಇದಿರಾಗುತ್ತಿದ್ದುವೆಂದು ಇತಿಹಾಸಕಾರ ಪಾಲಿಬಿಯಸನು ಲೆಕ್ಕ ಹಾಕಿದ್ದಾನೆ. ಸಮನೆಲದಲ್ಲಿ ಈ ಗೋಡೆಯನ್ನು ಮುಂದಿನಿಂದ ಭೇದಿಸುವುದು ಆಗದ ಮಾತು. ಆದರೆ ಗೋಡೆಗೆ ತಿರುಗಲು ಬಾರದು. ಅಂದು ಫಿಲಿಪ್ಪನ ಬಲಪಕ್ಷವು ರೋಮನರನ್ನು ಇಳಿಜಾರಿನಲ್ಲಿ ನೂಕಿಕೊಂಡು ಹೋಗುತ್ತಿರಲು, ಇನ್ನೊಂದು ಪಕ್ಕದಲ್ಲಿ ಗೆಲ್ಲುತ್ತಿದ್ದ ರೋಮನ್ ಅಧಿಕಾರಿಯೊಬ್ಬನು ತನ್ನ ವಿವೇಚನೆಯಿಂದಲೇ ಇಪ್ಪತ್ತು ತುಕಡಿಗಳನ್ನು ತಿರುಗಿಸಿ ಅವರ ಬೆನ್ನಮೇಲೆ ಬಿದ್ದನು. ಅವನ ಹೆಸರು ಕೂಡ ಉಳಿದಿಲ್ಲ. ಯುದ್ಧವನ್ನು ಗೆದ್ದವನು ಅವನೇ.

ಮಧ್ಯಯುಗದ ಯೂರೋಪಿನ ಕವಚಧಾರಿ ರಾವುತರನ್ನು ರೋಮನರೊಡನೆ ತೂಗಿ ನೋಡುವವರುಂಟು. ಒಬ್ಬೊಬ್ಬನಾಗಿ ನೋಡಿದರೆ ರಾವುತನು ಶೂರನೇ ಸರಿ. ಆದರೆ ಜಮೀನಿಗೆ ಪ್ರತಿಯಾಗಿ ಅವನು ಸಲ್ಲಿಸಬೇಕಾದ ಸೇವೆಯು ರೂಢಿಯಲ್ಲಿ ವರುಷಕ್ಕೆ ನಾಲ್ವತ್ತು ದಿನ! 1302ರಲ್ಲಿ ಕೂರ್ತ್ರೇ ಪಟ್ಟಣದ ಬಳಿ ಫ್ಲಾಂಡರ್ಸಿನ ನೇಕಾರರೇ ಮೊದಲಾದ ಪೇಟೆಯ ಜನರು ಕಾಲಾಳುಗಳಾಗಿ ನಿಂತು ಫ್ರಾನ್ಸಿನ ರಾವುತರನ್ನು ಮುರಿದರು. ರೋಮನರಾದರೋ ಕ್ರಿ. ಪೂ. 216ರಲ್ಲಿ ಕ್ಯಾನೀ ಎಂಬಲ್ಲಿ ಹ್ಯಾನಿಬಲನ ಕೈಯಲ್ಲಿ ಮಹಾಸೇನೆಯನ್ನೇ ಕಳೆದುಕೊಂಡಮೇಲೂ 8,000 ಗುಲಾಮರನ್ನು ಕ್ರಯಕ್ಕೆ ಕೊಂಡು, ಆಯುಧವನ್ನಿತ್ತು, ಮರಳಿ ಇದಿರು ನಿಂತರು. ನಮ್ಮ ಕೌಟಿಲ್ಯನು ಮೌಲ, ಭೃತ ಎಂದು ಮೊದಲುಗೊಂಡು ಸೇನೆಯನ್ನು ಆರು ಬಗೆಯಾಗಿ ವಿಂಗಡಿಸಿ ತಾರತಮ್ಯವನ್ನು ಹೇಳುವಾಗಲೂ ನೋಡುವುದು ಕತ್ತಿಯ ಉದ್ದವನ್ನಲ್ಲ. ಆಳಿಗೂ ಅರಸನಿಗೂ ಇರುವ ಸಂಬಂಧವನ್ನು.

ಕಿನೋಸ್ಕೆಫಲೈ ಯುದ್ಧದ ಕಡೆಯ ಸಂಗತಿಯೊಂದುಂಟು. ಪಾಠ ಹೇಳುತ್ತಿದ್ದಷ್ಟು ಕಾಲವೂ ನಾವು ಅಲ್ಲಿ ತುಸು ನಿಲ್ಲದೆ ಮುಂದೆ ಹೋದುದಿಲ್ಲ. ಸೋತ ಮೆಸಿಡೋನಿಯದವರು ತಮ್ಮ ಪದ್ಧತಿಯಂತೆ ಶರಣಾಗತಿಯ ಗುರುತಾಗಿ ಆ ಉದ್ದನೆಯ ಭರ್ಜಿಗಳನ್ನು ನೆಟ್ಟಗೆ ಮೇಲಕ್ಕೆತ್ತಿ ಹಿಡಿದರು. ರೋಮನರಿಗೆ ಆ ಸಂಕೇತವು ತಿಳಿಯದು. ಸೇನಾಪತಿ ಫ್ಲಾಮಿನಿನಸನು ಕೇಳಿ ತಿಳಿದುಕೊಂಡು ಅವರನ್ನು ಉಳಿಸಬೇಕೆಂದು ಎಣಿಸುವಷ್ಟರಲ್ಲಿಯೇ ಸೈನಿಕರು ಮೇಲೆ ಬಿದ್ದಿದ್ದರು. ಭರ್ಜಿಯನ್ನೆತ್ತಿದವರಲ್ಲಿ ಹೆಚ್ಚು ಮಂದಿ ನಿಂತಲ್ಲಿಯೇ ಹತರಾದರು.