ಸಂಡೂರಿಗೆ ಸಲೀಸು, ಕಂಪ್ಲಿಗೆ ಏದುಸಿರು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಹಳೆಯ ಸಿಜೆ3ಬಿ ಜೀಪು ಎದುರಾದರೆ ಬಲ್ಲವರು ಕಣ್ಣಿಗಿಂತ ಕಿವಿಯನ್ನೇ ನಂಬುತ್ತಾರೆ. ಬಾನೆಟ್ಟು ವಿಲ್ಲೀಸ್‌ನದು, ಸದ್ದು ಡೀಸೆಲ್‌ನದು! 2,199 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್ ಎಂದೋ ಗುಜರಿ ಸೇರಿ, ಆ ಜಾಗದಲ್ಲಿ ಮಹೀಂದ್ರದ 2,523 ಸಿಸಿಯ ಡಿಐ ಡೀಸೆಲ್ ಎಂಜಿನ್ ಕೂತಿರುತ್ತದೆ.

ಲಾಭವೇ? ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿದ್ದ ಕಾಲಕ್ಕೆ ಹೌದು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಹೋಯಿತು, ಲೆಕ್ಕವೂ ಕೆಟ್ಟಿತು. ಖರ್ಚು ಒಂದು ಲಕ್ಷ, ಉಳಿತಾಯ ಕಿಲೋಮೀಟರಿಗೆ 3 ರೂಪಾಯಿ ಎಂದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಸಂಡೂರಿಗೆ ಹೋಗಿಬಂದರೆ ಸುಮಾರು 60 ಕಿ.ಮೀ.; ಹಾಕಿದ ದುಡ್ಡು ಕೈಸೇರಲು ಹತ್ತು ವರ್ಷ ದಾಟುತ್ತದೆ.

ಆದರೂ ಮಾಡಿಸುತ್ತಾರೆ. ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡಾಗ, ಆಕ್ಸಿಲರೇಟರ್ ತುಳಿಯದೆಯೇ ಎಳೆದುಕೊಂಡು ಹೋಗುವ ಎಂಜಿನ್ನಿನ ಸುಖ ಅಂಥದ್ದು. ಅದನ್ನು ರೂಪಾಯಿಯಲ್ಲಿ ಅಳೆಯುವವನು ಜೀಪು ಇಟ್ಟುಕೊಳ್ಳದಿರುವುದೇ ಲೇಸು.

ತಕರಾರು ಶುರುವಾಗುವುದು ಭತ್ತದ ಗದ್ದೆಗಳ ನಡುವಿನ ಕಂಪ್ಲಿ ರಸ್ತೆಯಲ್ಲಿ. ಈ ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38. ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 3,200 ಸುತ್ತು ತಿರುಗಬೇಕು. ಟ್ರ್ಯಾಕ್ಟರ್ ಮನೆತನದ ಡಿಐ ಅಷ್ಟರಲ್ಲಿ ಅರಚತೊಡಗುತ್ತದೆ. 4.88ರ ಜೋಡಿ ಹಾಕಿಸಿದರೆ ಸುತ್ತು ಶೇ 9ರಷ್ಟು ಇಳಿಯುತ್ತದೆ, ಅರಚಾಟವೂ ತಗ್ಗುತ್ತದೆ. ಆದರೆ ನಮ್ಮ ಮಹಾಶಯರು ಎಂಜಿನ್ನಿಗೆ ಲಕ್ಷ ಸುರಿದು, ಇದಕ್ಕೆ ಬಂದಾಗ ಚೌಕಾಸಿಗಿಳಿಯುತ್ತಾರೆ. ಇನ್ನು ಕೆಲವು ಜಾಣರು ಹಿಂದಿನ ಆಕ್ಸಲ್‌ಗೆ ಮಾತ್ರ 4.88 ಹಾಕಿಸಿ, ಮುಂದಿನದನ್ನು ಹಾಗೇ ಬಿಡುತ್ತಾರೆ. ಗಟ್ಟಿ ನೆಲದ ಮೇಲೆ ಫೋರ್‌ವೀಲ್ ಹಾಕಿದ್ದೇ ತಡ, ಮುಂದಿನ ಗಾಲಿಗಳು ಒಂದು ಲೆಕ್ಕ, ಹಿಂದಿನವು ಇನ್ನೊಂದು ಲೆಕ್ಕ ಹೇಳಿ ಟ್ರಾನ್ಸ್‌ಫರ್ ಕೇಸನ್ನು ತಿರುಚಿ ಹಾಕುತ್ತವೆ. ಆಮೇಲೆ ಬೈಗುಳ ತಿನ್ನುವವನು ಮೆಕ್ಯಾನಿಕ್.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾವಣೆ ಆರ್‌ಸಿಗೆ ಏರಬೇಕು. ಹೊಸಪೇಟೆಯ ಕೆಎ-35 ಫಲಕ ತಗುಲಿಸಿಕೊಂಡ ಎಷ್ಟು ಜೀಪುಗಳಲ್ಲಿ ಏರಿದೆಯೋ ಕೇಳದಿರುವುದು ಕ್ಷೇಮ. ಕೇಳಲೇಬೇಕಾದ್ದು ಬ್ರೇಕಿನ ಮಾತು. ಎಂಜಿನ್ ಹೊಸದು, ಭಾರವೂ ಹೊಸದು, ನಾಲ್ಕು ಗಾಲಿಗೂ ಅದೇ ಹಳೆಯ 9 ಇಂಚಿನ ಡ್ರಮ್ಮು. ಸಂಡೂರಿನ ಇಳಿಜಾರಿನ ನೆನಪು ಮಾಡಿಕೊಟ್ಟರೆ ಉತ್ತರ ಸಿದ್ಧವಿರುತ್ತದೆ: "ಬ್ರೇಕ್ ಯಾಕ್ರೀ, ಗೇರಿನಾಗ ಇಳೀತೈತಲ್ಲ!" ಇಂಥವರ ಜೀಪಿನಲ್ಲಿ ಕೂರುವವರು ಮುಂದಿನ ಸೀಟು ಹಿಡಿಯದಿದ್ದರೆ ಒಳ್ಳೆಯದು.