ಹೆಸರಿಲ್ಲದ ಮುಖಗಳ ಹಾದಿ

ಜರ್ಮನಿಯ ಬೆಟ್ಸ್‌ಡಾರ್ಫ್‌ನಲ್ಲಿ ದೊಡ್ಡ ರೈಲು ಇಳಿದು ಪುಟ್ಟ ರೈಲು ಹತ್ತಬೇಕು. ಅದು ಹೆಲ್ಲರ್ ಹೊಳೆಯ ಮಗ್ಗುಲಲ್ಲೇ ಕಾಡುಗುಡ್ಡಗಳ ನಡುವೆ ನುಸುಳುತ್ತ ಹೋಗಿ ಹೆರ್ಡಾರ್ಫ್ ಮುಟ್ಟಿದಾಗ ಸಣ್ಣಗೆ ಮಳೆ ಜಿನುಗುತ್ತಿತ್ತು. ಇಳಿದವರು ನಾಲ್ಕೇ ಜನ. ಉಳಿದ ಮೂವರು ಕೊಡೆ ಬಿಡಿಸಿ ಮನೆ ಕಡೆ ನಡೆದರು. ನಾನು ಮಾತ್ರ ಎದುರಿನ ಗುಡ್ಡಗಳನ್ನು ನೋಡುತ್ತ ನಿಂತೆ. ಆಗಸ್ಟ್ ಸಾಂಡರ್ ಎಂಬ ಹುಡುಗ ಈ ಸೀಮೆಯನ್ನು ಮೊದಲ ಸಲ ತಲೆಕೆಳಗಾಗಿ ನೋಡಿ ಬೆರಗಾದದ್ದು ಇಲ್ಲೇ ತಾನೆ!

ಅವನು ಹುಟ್ಟಿದ್ದು 1876ರಲ್ಲಿ. ಅಪ್ಪ ಗಣಿಯಲ್ಲಿ ಬಡಗಿ. ಶಾಲೆ ಮುಗಿಯುತ್ತಲೇ ಮಗನೂ ಕಬ್ಬಿಣದ ಅದಿರಿನ ಗಣಿಯ ಕಲ್ಲುಗುಪ್ಪೆಯ ಮೇಲೆ ಕೂಲಿಗೆ ನಿಂತ. ಒಂದು ದಿನ ಹೊರಗಿನಿಂದ ಬಂದ ಫೋಟೊಗ್ರಾಫರ್ ಒಬ್ಬರಿಗೆ ದಾರಿ ತೋರಿಸಲು ಈ ಹುಡುಗನನ್ನೇ ಕಳಿಸಿದರು. ಅವರು ಮುಕ್ಕಾಲಿಯ ಮೇಲೆ ಪೆಟ್ಟಿಗೆ ಹೂಡಿ, ಹುಡುಗನಿಗೂ ಒಮ್ಮೆ ಇಣುಕಲು ಬಿಟ್ಟರು. ಆ ಕಾಲದ ಕ್ಯಾಮೆರಾದ ಮಬ್ಬುಗಾಜಿನ ಮೇಲೆ ಎಲ್ಲವೂ ಬುಡಮೇಲಾಗಿಯೇ ಕಾಣುತ್ತದೆ: ಗುಡ್ಡ ಮೇಲಿನಿಂದ ಇಳಿಬಿದ್ದಿರುತ್ತದೆ, ಮೋಡಗಳು ಕಾಲಡಿಯಲ್ಲಿ ತೇಲುತ್ತಿರುತ್ತವೆ. ಬಂಧುವೊಬ್ಬರ ದುಡ್ಡಿನಿಂದ 1892ರ ಹೊತ್ತಿಗೆ ಅವನದೇ ಕ್ಯಾಮೆರಾ ಬಂತು.

ಈಗ ಇಲ್ಲಿ ಗಣಿಗಳಿಲ್ಲ. ಈ ಸೀಮೆಯ ಕೊನೆಯ ಗಣಿಗಳು 1965ರಲ್ಲಿ ಬಾಗಿಲು ಹಾಕಿದವು. ಪಕ್ಕದ ಜಾಸೆನ್‌ರೋತ್‌ನ ಗಣಿ ಮ್ಯೂಸಿಯಮ್ಮಿನಲ್ಲಿ ಸುರಂಗದ ಒಂದು ತುಣುಕನ್ನು ನೋಡುವವರಿಗಾಗಿ ಕಟ್ಟಿಟ್ಟಿದ್ದಾರೆ. ಒಳಗೆ ಬಗ್ಗಿ ನಡೆದು ಹೊರಗೆ ಬಂದರೆ ಹಗಲು ಕಣ್ಣಿಗೆ ಚುಚ್ಚಿತು.

ಸಾಂಡರ್ ಟ್ರಿಯರ್‌ನಲ್ಲಿ ಸಿಪಾಯಿಯಾಗಿ, ಆಸ್ಟ್ರಿಯದ ಲಿಂಟ್ಸ್‌ನಲ್ಲಿ ಸ್ಟುಡಿಯೊ ನಡೆಸಿ, 1910ರಲ್ಲಿ ಕೊಲೋನ್ ನಗರಕ್ಕೆ ಬಂದರು. ಗಿರಾಕಿಗಳು ಸಾಲದೆ ಹೋದರು. ಆಗ ಹೊಳೆದದ್ದು ಹಳೆಯ ಉಪಾಯ: ಗಿರಾಕಿ ಅಂಗಡಿಗೆ ಬಾರದಿದ್ದರೆ ಅಂಗಡಿಯನ್ನೇ ಗಿರಾಕಿಯ ಬಾಗಿಲಿಗೆ ಒಯ್ಯುವುದು. ಭಾನುವಾರ ಬಂದರೆ ಸೈಕಲ್ಲು, ಕ್ಯಾಮೆರಾ, ಗಾಜಿನ ಪ್ಲೇಟುಗಳ ಸಮೇತ ವೆಸ್ಟರ್‌ವಾಲ್ಡ್ ಬೆಟ್ಟಸೀಮೆಗೆ ಹೊರಟರು.

ಆ ದಾರಿಗಳಲ್ಲಿ ಒಂದು ಮಧ್ಯಾಹ್ನ ನಡೆದೆ. ಏರು ಹತ್ತಿದರೆ ಇನ್ನೊಂದು ಏರು. ಬರಿಗೈಯಲ್ಲಿ ನಡೆದ ನನಗೇ ಏದುಸಿರು ಬಂತು. ಗಾಜು ಒಡೆಯದಂತೆ ಈ ದಿಣ್ಣೆಗಳಲ್ಲಿ ಸೈಕಲ್ ತುಳಿದ ಮನುಷ್ಯನ ಮೊಣಕಾಲು ಎಂಥವಿರಬೇಕು! ಮದುವೆಗೋ, ಮುಪ್ಪಿನ ನೆನಪಿಗೋ ರೈತರು ಪಟ ತೆಗೆಸಿಕೊಳ್ಳುತ್ತಿದ್ದರು. ಊರೂರಿನ ಸ್ಟುಡಿಯೊಗಳಲ್ಲಿ ಸುಕ್ಕು ಅಳಿಸಿ, ಕೆನ್ನೆ ತುಂಬಿಸಿ, ಟಚಿಂಗ್ ಮಾಡಿ ಕೊಡುವುದೇ ಕಸುಬಿನ ಗುಟ್ಟು. ಸಾಂಡರ್‌ಗೆ ಬರಬರುತ್ತ ಅದು ಸೇರದಾಯಿತು. ಇದ್ದ ಮುಖವನ್ನು ಇದ್ದಂತೆ ಕೊಡುತ್ತೇನೆಂದು ಹಟ ಹಿಡಿದರು.

ಆ ಪಟಗಳಿಂದಲೇ ಒಂದು ಹುಚ್ಚು ಯೋಜನೆ ಬೆಳೆಯಿತು. ರೈತ, ಕುಶಲಕರ್ಮಿ, ಹೆಂಗಸು, ಅಧಿಕಾರಿ, ಕಲಾವಿದ, ನಗರವಾಸಿ, ಕೊನೆಗೆ ರೋಗಿಗಳು ಮತ್ತು ಸತ್ತವರು. ಹೀಗೆ ಏಳು ಗುಂಪುಗಳಲ್ಲಿ, 45 ಕಡತಗಳಲ್ಲಿ, ‘20ನೇ ಶತಮಾನದ ಜನ’ರನ್ನೆಲ್ಲ ಜೋಡಿಸಿಡುವುದು! ಪಟದ ಕೆಳಗೆ ಸಾಮಾನ್ಯವಾಗಿ ಹೆಸರಿಲ್ಲ, ಕಸುಬು ಮಾತ್ರ. ಮಿಠಾಯಿಗಾರ. ವಕೀಲ. ನಮ್ಮಲ್ಲಿ ಬಡಿಗೇರ, ಪತ್ತಾರ ಎಂದು ಕಸುಬೇ ಅಡ್ಡಹೆಸರಾಗಿ ಅಂಟಿಕೊಂಡಿರುವುದನ್ನು ಕಂಡ ನನಗೆ ಇದು ವಿಚಿತ್ರವೆನಿಸಬಾರದು. ಆದರೂ ಮೊದಮೊದಲು ಮನಸ್ಸು ಒಪ್ಪಿರಲಿಲ್ಲ. ಮನುಷ್ಯರನ್ನು ಚಿಟ್ಟೆಗಳ ಹಾಗೆ ಪಿನ್ನು ಚುಚ್ಚಿಟ್ಟಂತೆ ಕಾಣುತ್ತಿತ್ತು.

ಮನಸ್ಸು ಬದಲಾದದ್ದು 1914ರ ಒಂದು ಪಟದಿಂದ. ಕೆಸರು ದಾರಿಯಲ್ಲಿ ಮೂವರು ಹುಡುಗರು: ಕಪ್ಪು ಸೂಟು, ಹ್ಯಾಟು, ಕೈಯಲ್ಲಿ ಬೆತ್ತ, ಒಬ್ಬನ ಬಾಯಲ್ಲಿ ಸಿಗರೇಟು. ಕುಣಿತಕ್ಕೆ ಹೊರಟವರು, ಯಾರೋ ಕರೆದರೆಂಬಂತೆ ತಿರುಗಿ ನೋಡುತ್ತಿದ್ದಾರೆ. ಸಾಂಡರ್ ಇಟ್ಟ ಶೀರ್ಷಿಕೆ ‘ಯುವ ರೈತರು’. ನೂರು ವರ್ಷಗಳ ಮೇಲೆ ಬೆನ್ನುಹತ್ತಿ ಹುಡುಕಿದವರಿಗೆ ತಿಳಿದದ್ದೇ ಬೇರೆ. ಅವರು ದುಡಿಯುತ್ತಿದ್ದದ್ದು ಗಣಿಯಲ್ಲಂತೆ, ಒಬ್ಬನಿಗೆ ಗಣಿಯ ಕಚೇರಿಯಲ್ಲೇ ಕೆಲಸ. ಗಣಿಯ ಧೂಳಿನಲ್ಲೇ ಬೆಳೆದು ಬಂದವರು ಗಣಿಯ ಹುಡುಗರನ್ನು ರೈತರೆಂದು ಬರೆದುಕೊಂಡದ್ದು! ಮೂವರಲ್ಲೊಬ್ಬ ಯುದ್ಧಕ್ಕೆ ಹೋದವನು ಮರಳಲಿಲ್ಲ. ಚೀಟಿ ತಪ್ಪಿತು, ಮುಖ ತಪ್ಪಲಿಲ್ಲ.

1929ರಲ್ಲಿ 60 ಪಟಗಳ ‘ಕಾಲದ ಮುಖ’ ಪುಸ್ತಕ ಬಂತು. ಮುನ್ನುಡಿ ಕಾದಂಬರಿಕಾರ ಆಲ್ಫ್ರೆಡ್ ಡೋಬ್ಲಿನ್ ಅವರದು. ನಾಜಿಗಳಿಗೆ ಬೇಕಿದ್ದದ್ದು ಒಂದೇ ಅಚ್ಚಿನ ಮುಖ. ಇಷ್ಟೊಂದು ಬಗೆಯ ಜರ್ಮನರು ಅವರಿಗೆ ಹಿಡಿಸಲಿಲ್ಲ. 1936ರಲ್ಲಿ ಅದರ ಮುದ್ರಣದ ಅಚ್ಚುಗಳನ್ನೇ ನಾಶಮಾಡಿಸಿದರು.

ಯುದ್ಧಕಾಲದಲ್ಲಿ ಸಾಂಡರ್ ಸುಮಾರು 10,000 ನೆಗೆಟಿವ್‌ಗಳನ್ನು ಕುಖ್‌ಹೌಜೆನ್ ಎಂಬ ಹಳ್ಳಿಗೆ ಸಾಗಿಸಿ ತಾವೂ ಅಲ್ಲೇ ನೆಲೆಸಿದರು. ಕೊಲೋನ್‌ನ ಸ್ಟುಡಿಯೊ 1944ರಲ್ಲಿ ಬಾಂಬಿಗೆ ಆಹುತಿ. ನೆಲಮಾಳಿಗೆಯಲ್ಲಿ ಉಳಿದಿದ್ದ 25ರಿಂದ 30 ಸಾವಿರ ನೆಗೆಟಿವ್‌ಗಳು ಬಾಂಬಿಗೂ ಬಗ್ಗದೆ, ಯುದ್ಧ ಮುಗಿದ ಮೇಲೆ 1946ರ ಬೆಂಕಿಯಲ್ಲಿ ಸುಟ್ಟುಹೋದವು. ಹೆರ್ಡಾರ್ಫ್ ತನ್ನ ಮಗನನ್ನು ಗೌರವ ಪೌರನೆಂದು ಕರೆದದ್ದು 1958ರಲ್ಲಿ.

ಕೊಲೋನ್‌ಗೆ ಮರಳುವ ರೈಲು ಸೀಗ್ ನದಿಯ ತಿರುವುಗಳನ್ನೆಲ್ಲ ಬಳಸಿಕೊಂಡು ಬಂದು ಸೀಗ್‌ಬುರ್ಗ್‌ನಲ್ಲಿ ನಿಲ್ಲುತ್ತದೆ. ಇಲ್ಲಿನ ಜೈಲು ಈಗಲೂ ಜೈಲೇ. ಸಾಂಡರ್‌ರ ಹಿರಿಯ ಮಗ ಎರಿಕ್ ಎಡಪಂಥೀಯ ಕಾರ್ಯಕರ್ತ, ಸಮಾಜವಾದಿ ಕಾರ್ಮಿಕ ಪಕ್ಷದವನು. 1934ರಲ್ಲಿ ನಾಜಿಗಳು ಹಿಡಿದು, ಹತ್ತು ವರ್ಷ ಶಿಕ್ಷೆ ಹಾಕಿ, ಇದೇ ಜೈಲಿಗೆ ತಳ್ಳಿದರು. ಜೈಲಿನೊಳಗೂ ಅವನ ಕೈಗೆ ಕ್ಯಾಮೆರಾ ಬಂತು: ಕೈದಿಗಳ ಪಟ ತೆಗೆಯುವ ಕೆಲಸ. ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ, 1944ರಲ್ಲಿ, ಅಪೆಂಡಿಸೈಟಿಸ್‌ಗೆ ಚಿಕಿತ್ಸೆಯಿಲ್ಲದೆ ತೀರಿಕೊಂಡ.

ಅಪ್ಪ ಅವನನ್ನೂ ಕಡತಗಳಲ್ಲಿ ಇಟ್ಟಿದ್ದಾರೆ. 1926ರ ಪಟದಲ್ಲಿ ‘ದುಡಿದು ಓದುವ ವಿದ್ಯಾರ್ಥಿಗಳ’ಲ್ಲಿ ಒಬ್ಬ. 1943ರಲ್ಲಿ ‘ರಾಜಕೀಯ ಕೈದಿ’. ಕಟ್ಟಕಡೆಯ ಕಡತದಲ್ಲಿ, ಸತ್ತ ಮೇಲೆ ಮುಖದ ಅಚ್ಚು ತೆಗೆದದ್ದರ ಪಟ. ಆ ಭಾಗಕ್ಕೆ ಕೊಟ್ಟ ಹೆಸರು ‘ಜಡವಸ್ತು’.

ರೈಲು ಎರಡು ನಿಮಿಷ ನಿಂತಿತು. ಕೆಲಸ ಬಿಟ್ಟವರು, ಸೈಕಲ್ ತಳ್ಳಿಕೊಂಡವರು, ಮಕ್ಕಳ ಕೈ ಹಿಡಿದವರು ಹತ್ತಿದರು. ಯಾರ ಕಸುಬು ಏನೆಂದು ಊಹಿಸಲು ಹೊರಟೆ, ಒಬ್ಬರದೂ ತಿಳಿಯಲಿಲ್ಲ.